ಕಾಣದ ಬಿಂದುವಿಗೆ ದಾರಿ ಹಾಕಿದ ವೈದ್ಯೆ

ಕೋಣೆಯ ಛಾವಣಿಯಿಂದ ತೂಗುಬಿಟ್ಟ ದೀಪದ ಸ್ಥಾನವನ್ನು ಖಚಿತವಾಗಿ ಹೇಳಬೇಕಾದರೆ ಮೂರು ಅಳತೆಗಳು ಸಾಕು: ಒಂದು ಗೋಡೆಯಿಂದ ಎಷ್ಟು ದೂರ, ಅದರ ಪಕ್ಕದ ಗೋಡೆಯಿಂದ ಎಷ್ಟು ದೂರ, ನೆಲದಿಂದ ಎಷ್ಟು ಎತ್ತರ. ಜ್ಯಾಮಿತಿಯಲ್ಲಿ ನಾವು ಕಲಿಯುವ ಈ ಸರಳ ತತ್ತ್ವವು ಮನುಷ್ಯನ ತಲೆಬುರುಡೆಗೂ ಅನ್ವಯಿಸುತ್ತದೆ. ಮಿದುಳಿನ ಆಳದಲ್ಲಿ ಅಡಗಿರುವ ಬಿಂದುವೊಂದನ್ನು, ಮಿದುಳನ್ನು ಅಗಲವಾಗಿ ತೆರೆಯದೆ, ತೆಳುವಾದ ಸೂಜಿಯ ಮೊನೆಯಿಂದ ಮುಟ್ಟಬಹುದು. ಈ ವಿದ್ಯೆಯನ್ನು ನಮ್ಮ ದೇಶದಲ್ಲಿ ಬೆಳೆಸಿದವರಲ್ಲಿ ಒಬ್ಬರು ಡಾಕ್ಟರ್ ಟಿ. ಎಸ್. ಕನಕ. ಅವರು ಭಾರತದ ಮೊದಲ ಮಹಿಳಾ ನರಶಸ್ತ್ರವೈದ್ಯೆ.

ಕನಕ ಅವರು 1932ರ ಮಾರ್ಚ್ 31ರಂದು ಮದರಾಸಿನಲ್ಲಿ ಜನಿಸಿದರು. 1954ರಲ್ಲಿ ವೈದ್ಯಪದವಿ ಪಡೆದರು. ವೈದ್ಯಕೀಯ ಓದಿದ ಹೆಣ್ಣುಮಕ್ಕಳು ಹೆರಿಗೆ ಮತ್ತು ಸ್ತ್ರೀರೋಗಗಳ ವಿಭಾಗವನ್ನೇ ಸೇರುವುದು ಆಗಿನ ವಾಡಿಕೆ. ಕನಕ ಆರಿಸಿಕೊಂಡದ್ದು ಶಸ್ತ್ರವೈದ್ಯವನ್ನು. 1962ರ ಚೀನಾ ಯುದ್ಧದ ಕಾಲದಲ್ಲಿ ಸೈನ್ಯದಲ್ಲಿ ಅಧಿಕಾರಿಯಾಗಿ ಸೇವೆ ಸಲ್ಲಿಸಿದರು, 1963ರಲ್ಲಿ ಎಂ.ಎಸ್. ಪದವಿ ಗಳಿಸಿದರು. ಬಳಿಕ ಮದರಾಸಿನಲ್ಲಿ ಡಾಕ್ಟರ್ ಬಿ. ರಾಮಮೂರ್ತಿಯವರ ನರಶಸ್ತ್ರ ವಿಭಾಗದಲ್ಲಿ ಪಳಗಿದರು. ಹೆಣ್ಣೆಂಬ ಕಾರಣಕ್ಕೆ ಶಸ್ತ್ರ ಹಿಡಿಯುವ ಅವಕಾಶ ಅವರಿಗೆ ಸುಲಭವಾಗಿ ದೊರೆಯಲಿಲ್ಲ. ಆದರೂ ಹಿಂಜರಿಯದೆ 1968ರಲ್ಲಿ ನರಶಸ್ತ್ರವೈದ್ಯದ ಎಂ.ಸಿಎಚ್. ಪದವಿಯನ್ನು ಪಡೆದರು.

ಆಗಿನ ಕೆಲಸದ ಕಷ್ಟವನ್ನು ನಾವು ಸ್ವಲ್ಪ ಊಹಿಸಿಕೊಳ್ಳೋಣ. ಮಿದುಳಿನ ಚಿತ್ರವನ್ನು ಪದರಪದರವಾಗಿ ತೋರಿಸುವ ಸಿ.ಟಿ. ಯಂತ್ರವು ರೋಗಿಯ ಮೇಲೆ ಮೊದಲು ಬಳಕೆಯಾದದ್ದು 1971ರಲ್ಲಿ. ಅದಕ್ಕೆ ಮುಂಚೆ ಕ್ಷಕಿರಣ ಚಿತ್ರವೇ ಗತಿ. ಅದರಲ್ಲಿ ಮೂಳೆ ಕಾಣುತ್ತದೆ, ಮೃದುವಾದ ಮಿದುಳು ಸ್ಪಷ್ಟವಾಗಿ ಕಾಣುವುದಿಲ್ಲ. ಆದ್ದರಿಂದ ಮಿದುಳಿನೊಳಗಿನ ದ್ರವ ತುಂಬಿದ ಕುಹರಗಳಿಗೆ ಗಾಳಿಯನ್ನು ಅಥವಾ ಕ್ಷಕಿರಣವನ್ನು ತಡೆಯುವ ದ್ರವವನ್ನು ಸೇರಿಸಿ ಚಿತ್ರ ತೆಗೆಯುತ್ತಿದ್ದರು. ಆಗ ಕುಹರಗಳ ಅಂಚು ಮೂಡುತ್ತಿತ್ತು. ಆ ಅಂಚೇ ಗುರುತಿನ ಕಲ್ಲು. ಅಲ್ಲಿಂದ ಗುರಿಯ ಬಿಂದುವಿನ ಮೂರು ಅಳತೆಗಳನ್ನು ಲೆಕ್ಕಹಾಕಿ, ತಲೆಗೆ ಬಿಗಿದ ಲೋಹದ ಚೌಕಟ್ಟಿನ ಮೇಲೆ ಅವನ್ನು ಗುರುತಿಸಿ, ಬುರುಡೆಯ ಸಣ್ಣ ರಂಧ್ರದ ಮೂಲಕ ಸೂಜಿಯನ್ನು ಇಳಿಸುತ್ತಿದ್ದರು.

ಪಾರ್ಕಿನ್ಸನ್ ರೋಗದಲ್ಲಿ ಕೈ ನಡುಗುವುದನ್ನು ನಾವು ನೋಡಿದ್ದೇವೆ. ನಡುಕಕ್ಕೆ ಕಾರಣವಾದ ಕಿರಿದಾದ ಭಾಗವನ್ನು ಸುಟ್ಟರೆ ನಡುಕ ನಿಲ್ಲಬಹುದು. ಆದರೆ ಅದರ ಮಗ್ಗುಲಲ್ಲೇ ಕೈಕಾಲುಗಳಿಗೆ ಆಜ್ಞೆ ಒಯ್ಯುವ ನರತಂತುಗಳ ಕಟ್ಟು ಇದೆ. ಕೆಲವೇ ಮಿಲಿಮೀಟರು ತಪ್ಪಿದರೆ ಪಾರ್ಶ್ವವಾಯು! ಮಿದುಳಿನ ದೋಷದಿಂದ ಕೈಕಾಲು ಸೆಡೆತುಕೊಂಡ ಮಕ್ಕಳಿಗೆ ಇಂಥ ಚಿಕಿತ್ಸೆ ಎಷ್ಟು ನೆರವಾದೀತೆಂಬುದೇ ಕನಕ ಅವರ ಡಾಕ್ಟರೇಟ್ ಸಂಶೋಧನೆಯ ವಿಷಯವಾಗಿತ್ತು.

ಸುಟ್ಟ ಭಾಗ ಮರಳಿ ಬಾರದು. ಮದರಾಸಿನ ವೈದ್ಯರು ಅಂದು ನಡತೆಯ ದೋಷಗಳಿಗೂ ಈ ವಿಧಾನವನ್ನು ಬಳಸಿದ್ದರು. ಇಂದು ವೈದ್ಯಲೋಕ ಅದಕ್ಕೆ ಬಹಳ ಹಿಂಜರಿಯುತ್ತದೆ. ಸುಡುವುದಕ್ಕೆ ಬದಲಾಗಿ ವಿದ್ಯುದಗ್ರವನ್ನು ಮಿದುಳಿನಲ್ಲಿ ನೆಲೆಗೊಳಿಸಿ ಮಂದವಾದ ವಿದ್ಯುತ್ ಸ್ಪಂದನ ಕೊಡುವುದು ಇನ್ನೊಂದು ಮಾರ್ಗ. ಬೇಡವಾದರೆ ಸ್ಪಂದನವನ್ನು ನಿಲ್ಲಿಸಬಹುದು. 1975ರ ಸುಮಾರಿಗೇ ಭಾರತದಲ್ಲಿ ಈ ಮಾರ್ಗವನ್ನು ತುಳಿದವರಲ್ಲಿ ಕನಕ ಮೊದಲಿಗರು. ಇಂದು ಪಾರ್ಕಿನ್ಸನ್ ರೋಗಕ್ಕೆ ಇದು ಜಗತ್ತಿನಾದ್ಯಂತ ರೂಢಿಯ ಚಿಕಿತ್ಸೆ.

1990ರಲ್ಲಿ ಸರ್ಕಾರಿ ಸೇವೆಯಿಂದ ನಿವೃತ್ತರಾದ ಮೇಲೆ ತಂದೆತಾಯಿಗಳ ಹೆಸರಿನಲ್ಲಿ ಕ್ರೋಂಪೇಟೆಯಲ್ಲಿ ಆಸ್ಪತ್ರೆಯೊಂದನ್ನು ನಡೆಸಿದರು. ನೂರಕ್ಕೂ ಹೆಚ್ಚು ಬಾರಿ ರಕ್ತದಾನ ಮಾಡಿದರು. 2018ರ ನವೆಂಬರ್ 14ರಂದು ತೀರಿಕೊಂಡಾಗ ಅವರಿಗೆ 86 ವರ್ಷ. ಈಗ ಗಣಕಯಂತ್ರವು ಕ್ಷಣದಲ್ಲಿ ಮಾಡಿಕೊಡುವ ಲೆಕ್ಕವನ್ನು ಅವರ ಪೀಳಿಗೆ ಅಳತೆಪಟ್ಟಿ ಹಿಡಿದು ಮಾಡಿತು. ಆ ಲೆಕ್ಕವನ್ನು ನಂಬಿ ರೋಗಿಗಳು ತಲೆಯೊಡ್ಡಿದರು.