ಕೈಯಲ್ಲೊಂದು ಖಾಲಿ ಚೀಲ

ನೆರಿಯದ ನನ್ನ ಸೋದರಮಾವನವರು 2020ರ ಮಾರ್ಚ್ ತಿಂಗಳ ಮಧ್ಯಭಾಗದಲ್ಲಿ, ಕಣ್ಣಿನ ಪೊರೆ ತೆಗೆಸುವ ಸಲುವಾಗಿ ಮಂಗಳೂರಿನ ನಮ್ಮ ಮನೆಗೆ ಬಂದರು. ಆಗ ಅವರಿಗೆ ಎಪ್ಪತ್ತೊಂದು ವರ್ಷ. "ನಾಲ್ಕು ದಿನದ ಕೆಲಸ" ಎಂದು ಎರಡು ಪಂಚೆ, ಒಂದು ಕೊಡೆ ಹಿಡಿದುಕೊಂಡು ಬಂದವರು ಎರಡು ತಿಂಗಳು ಉಳಿಯಬೇಕಾಯಿತು. 22ರ ಭಾನುವಾರ ಜನತಾ ಕರ್ಫ್ಯೂ. 24ರ ರಾತ್ರಿ ದೇಶಕ್ಕೆ ದೇಶವೇ ಬಾಗಿಲು ಮುಚ್ಚಿಕೊಂಡಿತು. ಪೊರೆ ಅವರ ಕಣ್ಣಿನಲ್ಲಿಯೇ ಉಳಿಯಿತು; ಅವರು ನಮ್ಮ ಮೂರನೆಯ ಮಹಡಿಯಲ್ಲಿ ಉಳಿದರು.

ನೆರಿಯವನ್ನು ಕಾಣದ ವಾಚಕರಿಗೆ ಎರಡು ಮಾತು ಹೇಳಬೇಕು. ಬೆಳ್ತಂಗಡಿ ತಾಲೂಕಿನಲ್ಲಿ, ಪಶ್ಚಿಮ ಘಟ್ಟದ ಬುಡದಲ್ಲಿರುವ ಊರು ಅದು. ಅಡಕೆಯ ತೋಟ, ರಬ್ಬರಿನ ತೋಟ, ನಡುವೆ ಹೊಳೆ. ಒಂದು ಮನೆಯಿಂದ ಕೂಗಿದರೆ ಇನ್ನೊಂದು ಮನೆಗೆ ಕೇಳಿಸದಷ್ಟು ದೂರ. 2019ರ ಆಗಸ್ಟಿನಲ್ಲಿ ಘಟ್ಟದ ಮೇಲಿಂದ ನೀರೂ ಮಣ್ಣೂ ಒಟ್ಟಿಗೆ ಇಳಿದು ಬಂದ ಬಳಿಕ, ದಿನಕ್ಕೆರಡು ಬಾರಿ ಹೊಳೆಯ ಕಡೆಗೆ ಹೋಗಿ, ತೋಟದೊಳಗೆ ಬಿದ್ದ ಮರಳನ್ನು ದಿಟ್ಟಿಸಿ ನೋಡಿ ಹಿಂತಿರುಗುವುದು ಮಾವನವರ ದಿನಚರಿಯಾಗಿತ್ತು. ಅದನ್ನು ವ್ಯಾಯಾಮವೆಂದು ಅಲ್ಲಿ ಯಾರೂ ಕರೆಯುವುದಿಲ್ಲ. ಅವರಿಗೆ ಇಪ್ಪತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ. "ದಿನಕ್ಕೆ ಒಂದು ಗಂಟೆಯಾದರೂ ನಡೆಯಿರಿ" ಎಂದು ವೈದ್ಯರು ಹೇಳಿದಾಗ, "ಹಾಗಾದರೆ ಈಗ ನಡೆಯುವುದನ್ನು ಕಡಿಮೆ ಮಾಡಬೇಕಾ?" ಎಂದು ಕೇಳಿದ ಮಹಾನುಭಾವರು ಅವರು.

ಇಂತಹವರನ್ನು ನಾಲ್ಕು ಗೋಡೆಗಳ ನಡುವೆ ಕೂರಿಸುವುದು ಹೇಗೆ? ಮೊದಲ ವಾರ ಅವರು ಬೆಳಗ್ಗೆ ಆರಕ್ಕೆ ಎದ್ದು, ಮೆಟ್ಟಿಲಿಳಿದು, ಕಟ್ಟಡದ ಸುತ್ತಲಿನ ಅಂಗಳದಲ್ಲಿ ಮೂವತ್ತು ಸುತ್ತು ಬರುತ್ತಿದ್ದರು. ಮೂರನೆಯ ದಿನ ಅವರ ಹಿಂದೆ ಕೆಳಮನೆಯ ನಿವೃತ್ತ ಬ್ಯಾಂಕ್ ಅಧಿಕಾರಿಗಳು ಸೇರಿದರು. ಐದನೆಯ ದಿನ ಆರೇಳು ಮಂದಿಯಾದರು. ಏಳನೆಯ ದಿನ ಫ್ಲ್ಯಾಟಿನವರ ಸಂಘದಲ್ಲಿ ಜಗಳ ಹತ್ತಿಕೊಂಡಿತು.

ಜಗಳ ಸಣ್ಣದೆಂದು ಇಂದು ನಗುವುದು ಸುಲಭ. ಆ ದಿನಗಳ ಭಯವನ್ನು ಅದರ ಪಕ್ಕದಲ್ಲಿಟ್ಟು ನೋಡಬೇಕು. ಮಾರ್ಚ್ ಮುಗಿಯುವುದರೊಳಗಾಗಿ ನಮ್ಮ ಜಿಲ್ಲೆಯಲ್ಲಿ ಸೋಂಕು ಕಾಣಿಸಿಕೊಂಡಿತ್ತು. ಬಂಟ್ವಾಳ ತಾಲೂಕಿನ ಒಂದು ಗ್ರಾಮದಲ್ಲಿ ಹಸುಗೂಸಿಗೇ ರೋಗ ತಗುಲಿ, ಊರಿಗೆ ಊರನ್ನೇ ಮುಚ್ಚಲಾಗಿತ್ತು. ತಿಂಗಳ ಕೊನೆಯ ಕೆಲವು ದಿನ ಜಿಲ್ಲೆಯಲ್ಲಿ ದಿನಸಿ ಅಂಗಡಿಗಳೂ ತೆರೆಯಲಿಲ್ಲ. ಆಮೇಲೆ ಬೆಳಗ್ಗೆ 7ರಿಂದ ಮಧ್ಯಾಹ್ನ 12ರವರೆಗೆ ಮಾತ್ರ ವ್ಯಾಪಾರ. ಗಾಳಿಯಿಂದ ಬರುತ್ತದೆಯೋ, ಮೆಟ್ಟಿಲಿನ ಕೈಪಿಡಿಯಿಂದ ಬರುತ್ತದೆಯೋ ಯಾರಿಗೂ ನಿಶ್ಚಯವಿರಲಿಲ್ಲ. ನಾವು ತರಕಾರಿಯನ್ನು ಸಾಬೂನಿನಲ್ಲಿ ತೊಳೆಯುತ್ತಿದ್ದ ಕಾಲ.

ಸಂಘದಲ್ಲಿ ಎರಡು ಪಕ್ಷಗಳಾದವು. ಅಂಗಳವೆಂಬುದು ಮನೆಯ ಭಾಗ, ಗೇಟು ದಾಟದವನು ಮನೆ ಬಿಟ್ಟವನಲ್ಲ ಎಂಬುದು ಬ್ಯಾಂಕಿನವರ ವಾದ. ಎರಡನೆಯ ಮಹಡಿಯಲ್ಲಿ ಒಬ್ಬ ದಾದಿಯ ಕುಟುಂಬವಿತ್ತು. ಆಕೆ ದಿನವೂ ಆಸ್ಪತ್ರೆಯ ಕೆಲಸ ಮುಗಿಸಿ ಬಂದು, ಸ್ನಾನ ಮಾಡಿದ ಮೇಲೂ ತನ್ನ ಮಗುವನ್ನು ಎತ್ತಿಕೊಳ್ಳಲು ಹೆದರುತ್ತಿದ್ದಳು. "ಒಬ್ಬರು ನಡೆದರೆ ರೋಗ ಬಾರದು, ನನಗೂ ಗೊತ್ತು. ಆದರೆ ಒಬ್ಬರು ಇಳಿದರೆ ಹತ್ತು ಜನ ಇಳಿಯುತ್ತಾರೆ. ಹತ್ತು ಜನ ಇಳಿದರೆ ಗೇಟಿನ ಹತ್ತಿರ ಮಾತಿಗೆ ನಿಲ್ಲುತ್ತಾರೆ. ನಿಂತದ್ದನ್ನು ನಾನು ಕಿಟಕಿಯಿಂದ ನೋಡಿದ್ದೇನೆ" ಎಂದಳು. ಇದಕ್ಕೆ ಬ್ಯಾಂಕಿನವರಲ್ಲಿ ಉತ್ತರವಿರಲಿಲ್ಲ. ಮಾತಿಗೆ ನಿಂತವರಲ್ಲಿ ಅವರೇ ಮೊದಲಿಗರು.

ನಾನು ದಾದಿಯ ಪಕ್ಷಕ್ಕೆ ಸೇರಿದೆ. ಸೇರಿದ್ದಷ್ಟೇ ಅಲ್ಲ, ಕನ್ನಡದ ಎಂ. ಎ. ಎಂಬ ಕಾರಣಕ್ಕೆ ನೋಟೀಸು ಬರೆಯುವ ಹೊಣೆಯನ್ನೂ ಹೊತ್ತೆ. "ಕಟ್ಟಡದ ಅಂಗಳದಲ್ಲಿಯೂ ತಾರಸಿಯ ಮೇಲೆಯೂ ನಿವಾಸಿಗಳು ಯಾವ ಕಾರಣದಿಂದಲೂ ವಿಹರಿಸತಕ್ಕದ್ದಲ್ಲ" ಎಂದು ಬರೆದು, ನನ್ನ ವಾಕ್ಯದ ಗಾಂಭೀರ್ಯಕ್ಕೆ ನಾನೇ ಮೆಚ್ಚಿ, ಲಿಫ್ಟಿನ ಬಾಗಿಲಿಗೆ ಅಂಟಿಸಿದೆ.

ಮಾವನವರು ಮೂವತ್ತೈದು ವರ್ಷ ಶಾಲಾ ಮಾಸ್ತರರಾಗಿದ್ದವರು. ಪೊರೆಯ ಕಣ್ಣನ್ನು ಕಾಗದಕ್ಕೆ ಹತ್ತಿರ ಹಿಡಿದು ಎರಡು ಸಲ ಓದಿದರು.

"ಇದು ಯಾರು ಬರೆದದ್ದು?"

"ನಾನೇ, ಮಾವ."

"ವಿಹಾರ ಅಂದರೆ ಸಂತೋಷಕ್ಕೆ ತಿರುಗಾಡುವುದು. ಶಾಕುಂತಲದಲ್ಲಿ ಮಾಡುತ್ತಾರೆ. ನಾನು ಎಲ್ಲಿ ವಿಹರಿಸಿದೆ ಮಾರಾಯ? ನಾನು ಸಕ್ಕರೆ ಇಳಿಸಿಕೊಳ್ಳುತ್ತಾ ಇದ್ದೇನೆ."

ಅಷ್ಟು ಹೇಳಿ ಮೇಲೆ ಬಂದು ಕುರ್ಚಿಯಲ್ಲಿ ಕುಳಿತರು. ನಿಯಮ ನಮ್ಮ ಮನೆಯವನೇ ಬರೆದದ್ದೆಂಬ ಮರ್ಯಾದೆಗೆ ಕಟ್ಟುಬಿದ್ದು ಹದಿನೈದು ದಿನ ಕೆಳಗಿಳಿಯಲಿಲ್ಲ. ಊಟದ ಕೋಣೆಯಿಂದ ಅಡುಗೆಮನೆಗೆ ಹನ್ನೊಂದು ಹೆಜ್ಜೆ. ಅದನ್ನು ಅಳೆದು ನೋಡಿ ಬಿಟ್ಟುಬಿಟ್ಟರು. ಕಾಲು ಊದಿಕೊಂಡಿತು. ರಾತ್ರಿ ನಿದ್ದೆ ಕಡಿಮೆಯಾಯಿತು. ಒಂದು ಬೆಳಗ್ಗೆ ನನ್ನ ಶ್ರೀಮತಿ ಬೆರಳು ಚುಚ್ಚಿ ನೋಡಿದಾಗ, ಬರಿಹೊಟ್ಟೆಯಲ್ಲಿ ನೂರನಲವತ್ತರ ಸುತ್ತ ಇರುತ್ತಿದ್ದ ಸಕ್ಕರೆ ಇನ್ನೂರ ಅರವತ್ತು ದಾಟಿತ್ತು. ದೂರವಾಣಿಯಲ್ಲಿ ವೈದ್ಯರು ಮಾತ್ರೆ ಹೆಚ್ಚಿಸಿದರು. "ನಡೆಸಿ, ನಡೆಸಿ" ಎಂದೂ ಹೇಳಿದರು. ಎಲ್ಲಿ ನಡೆಸಬೇಕೆಂದು ಹೇಳಲಿಲ್ಲ.

ಆ ರಾತ್ರಿ ನಾನು ಸರಕಾರದ ಆಜ್ಞೆಗಳನ್ನು ಕುಳಿತು ಓದಿದೆ. ನೋಟೀಸು ಬರೆಯುವ ಮೊದಲು ಮಾಡಬೇಕಾಗಿದ್ದ ಕೆಲಸ. ಮಾರ್ಚ್ 24ರ ಕೇಂದ್ರದ ಮಾರ್ಗಸೂಚಿಯಲ್ಲಿ ಏನೆಲ್ಲ ತೆರೆದಿರಬಹುದೆಂಬ ಪಟ್ಟಿ ಇತ್ತು: ಪಡಿತರ, ಹಾಲು, ತರಕಾರಿ, ಮೀನು, ಔಷಧ, ಬ್ಯಾಂಕು. ವ್ಯಾಯಾಮವೆಂಬ ಮಾತು ಇರಲಿಲ್ಲ. ಹೊರಗೆ ಹೋಗಿ ಒಂದು ಕಟ್ಟು ಕೊತ್ತಂಬರಿ ಸೊಪ್ಪು ತರಬಹುದು. ಬರಿಗೈಯಲ್ಲಿ ಅಷ್ಟೇ ದೂರ ಹೋಗಿ ಬಂದರೆ ಅಪರಾಧ.

ಬೇರೆ ದೇಶಗಳಲ್ಲಿ ಈ ಮಾತನ್ನು ನೇರವಾಗಿ ಬರೆದಿದ್ದರು. ಬರೆದುದರಿಂದ ಜಗಳವೇನೂ ತಪ್ಪಲಿಲ್ಲ. ಮಾರ್ಚ್ 23ರಂದು ಬ್ರಿಟನ್ನಿನ ಪ್ರಧಾನಿ ಬೋರಿಸ್ ಜಾನ್ಸನ್ನರು ದಿನಕ್ಕೊಂದು ಬಾರಿ ವ್ಯಾಯಾಮಕ್ಕೆ ಹೊರಡಬಹುದೆಂದರು. ತಮಾಷೆಯೆಂದರೆ, ಮೂರು ದಿನದ ಬಳಿಕ ಬಂದ ಇಂಗ್ಲೆಂಡಿನ ಕಾನೂನಿನಲ್ಲಿ ವ್ಯಾಯಾಮವಿತ್ತು, "ಒಂದು ಬಾರಿ" ಎಂಬುದಿರಲಿಲ್ಲ. ಪಕ್ಕದ ವೇಲ್ಸಿನ ಕಾನೂನಿನಲ್ಲಿ ಅದೂ ಇತ್ತು. ಡರ್ಬಿಶೈರಿನ ಪೊಲೀಸರು ಬೆಟ್ಟದ ಮೇಲೆ ನಡೆಯುವವರನ್ನು ಡ್ರೋನಿನಿಂದ ಚಿತ್ರಿಸಿ ಊರಿಗೆಲ್ಲ ತೋರಿಸಿ, ಟೀಕೆಗೆ ಗುರಿಯಾದರು. ಮುಂದೆ 2021ರ ಜನವರಿಯಲ್ಲಿ ಅದೇ ಪ್ರಾಂತದಲ್ಲಿ, ಐದು ಮೈಲಿ ದೂರ ಕಾರಿನಲ್ಲಿ ಹೋಗಿ ನಡೆಯುತ್ತಿದ್ದ ಇಬ್ಬರು ಗೆಳತಿಯರಿಗೆ ತಲಾ 200 ಪೌಂಡ್ ದಂಡ ಬಿದ್ದಿತು. ಅವರ ಕೈಯಲ್ಲಿದ್ದ ಕಾಫಿಯ ಲೋಟವು ನಡಿಗೆಯನ್ನು ವನಭೋಜನವಾಗಿ ಮಾರ್ಪಡಿಸಿತೆಂಬುದು ಅವರಿಗೆ ಕೇಳಿಬಂದ ಆಕ್ಷೇಪ! ದಂಡವನ್ನು ಕೊನೆಗೆ ಹಿಂದೆಗೆದುಕೊಂಡರು. ಫ್ರಾನ್ಸಿನಲ್ಲಿ ಮನೆಯಿಂದ ಒಂದು ಕಿಲೋಮೀಟರಿನೊಳಗೆ ಒಂದು ಗಂಟೆ, ಅದಕ್ಕೂ ಸಹಿ ಮಾಡಿದ ಚೀಟಿ ಜೇಬಿನಲ್ಲಿರಬೇಕು; ಏಪ್ರಿಲ್ 8ರಿಂದ ಪ್ಯಾರಿಸಿನಲ್ಲಿ ಹಗಲು 10ರಿಂದ ಸಂಜೆ 7ರವರೆಗೆ ಓಡುವಂತಿರಲಿಲ್ಲ. ದಕ್ಷಿಣ ಆಫ್ರಿಕದಲ್ಲಿ ಮೊದಲ ಐದು ವಾರ ಓಟವೂ ಇಲ್ಲ, ನಾಯಿಯನ್ನು ಅಡ್ಡಾಡಿಸುವುದೂ ಇಲ್ಲ. ಸ್ಪೇನಿನಲ್ಲಿ ಏಳು ವಾರ ಪ್ರಾಯದವರನ್ನು ಒಳಗಿಟ್ಟು, ಮೇ 2ರಂದು ಬಿಟ್ಟಾಗ ವಯಸ್ಸಿಗೆ ತಕ್ಕಂತೆ ಗಂಟೆಗಳನ್ನು ಹಂಚಿದರು: ಎಪ್ಪತ್ತು ದಾಟಿದವರಿಗೆ ಬೆಳಗ್ಗೆ 10ರಿಂದ 12 ಮತ್ತು ಸಂಜೆ 7ರಿಂದ 8.

ಈ ಕೊನೆಯ ವ್ಯವಸ್ಥೆ ನನಗೆ ಬಹಳ ಹಿಡಿಸಿತು. ನಮ್ಮಲ್ಲಿ ಅರವತ್ತೈದು ದಾಟಿದವರು ಮನೆಯಲ್ಲಿಯೇ ಇರಬೇಕೆಂದು ಸೂಚಿಸಿದ್ದರು. ಅಲ್ಲಿ ಹಿರಿಯರಿಗಾಗಿ ಬೀದಿಯನ್ನು ಬೇರೆಯವರಿಂದ ಖಾಲಿ ಮಾಡಿಸಿಟ್ಟರು. ಎರಡರ ಉದ್ದೇಶವೂ ಹಿರಿಯರ ರಕ್ಷಣೆಯೇ. ಆದರೆ ಒಂದರಲ್ಲಿ ಮುದುಕನ ಕಾಲಿನ ನೆನಪಿದೆ.

ಬೆಳಗಾದ ಮೇಲೆ ಮಾವನವರಿಗೆ ನನ್ನ ಸಂಶೋಧನೆಯನ್ನು ತಿಳಿಸಿದೆ. ಅವರು ಯಾವ ಟೀಕೆಯನ್ನೂ ಮಾಡದೆ ಅಡುಗೆಮನೆಗೆ ಹೋಗಿ, ಬಾಗಿಲ ಹಿಂದಿನ ಮೊಳೆಯಲ್ಲಿದ್ದ ಬಟ್ಟೆಯ ಚೀಲವನ್ನು ತೆಗೆದುಕೊಂಡರು. ಅಂದಿನಿಂದ ನಮ್ಮ ಮನೆಗೆ ಸಾಮಾನು ಬರತೊಡಗಿತು, ದಿನಕ್ಕೊಂದು: ಸೋಮವಾರ ಕೊತ್ತಂಬರಿ, ಮಂಗಳವಾರ ಬೆಂಕಿಪೊಟ್ಟಣ, ಬುಧವಾರ ಎರಡು ನಿಂಬೆಹಣ್ಣು. ಹತ್ತಿರದ ಅಂಗಡಿಯಲ್ಲಿ ಎಲ್ಲವೂ ಸಿಕ್ಕುತ್ತಿದ್ದರೂ ಅವರು ದೂರದ ಅಂಗಡಿಗೆ ಹೋಗುತ್ತಿದ್ದರು. ಅಲ್ಲಿನ ನಿಂಬೆಹಣ್ಣು ಒಳ್ಳೆಯದಂತೆ. ಒಂದು ದಿನ ವೃತ್ತದಲ್ಲಿದ್ದ ಪೊಲೀಸಿನವನು "ಅಜ್ಜ, ಎಲ್ಲಿಗೆ?" ಎಂದನು. ಮಾವನವರು ಚೀಲವನ್ನು ಎತ್ತಿ ತೋರಿಸಿದರು. "ನಿನ್ನೆಯೂ ಬಂದಿದ್ದಿರಲ್ಲ?" "ನಿನ್ನೆ ಮರೆತುಹೋದದ್ದು." ಆ ಹುಡುಗ ನಕ್ಕು, ಮುಖದ ಬಟ್ಟೆಯನ್ನು ಮೂಗಿನ ಮೇಲಕ್ಕೆ ಎಳೆದುಕೊಳ್ಳಲು ಹೇಳಿ ಬಿಟ್ಟನಂತೆ. ಅವನ ದಯೆಯಿಂದ ಮೇ ತಿಂಗಳ ಹೊತ್ತಿಗೆ ಸಕ್ಕರೆ ನೂರ ಎಪ್ಪತ್ತಕ್ಕೆ ಇಳಿಯಿತು.

ಇಲ್ಲೊಂದು ವಿಚಿತ್ರವಿದೆ. ಅಂಗಳದಲ್ಲಿ ಮೂವತ್ತು ಸುತ್ತು ಬಂದರೆ ಅವರ ಸನಿಹಕ್ಕೆ ಯಾರೂ ಬರಬೇಕಾಗಿರಲಿಲ್ಲ. ನಿಯಮವನ್ನು ಪಾಲಿಸುವ ಸಲುವಾಗಿ ಅವರು ದಿನವೂ ಅಂಗಡಿಯ ಗುಂಪಿನಲ್ಲಿ ನಿಂತು, ನೋಟು ಕೊಟ್ಟು ಚಿಲ್ಲರೆ ಪಡೆದು ಬರುತ್ತಿದ್ದರು. ಮುಚ್ಚಿದ, ಗಾಳಿಯಾಡದ ಜಾಗದಲ್ಲಿ ಈ ರೋಗ ಹರಡುವಷ್ಟು ಸುಲಭವಾಗಿ ತೆರೆದ ಬಯಲಿನಲ್ಲಿ ಹರಡದು ಎಂಬುದು ಇಂದು ತಿಳಿದ ಸಂಗತಿ. ಅಂದು ತಿಳಿದಿರಲಿಲ್ಲವೆಂದು ನಾನು ಸಮಾಧಾನ ಹೇಳಿಕೊಳ್ಳಬಹುದು. ಆದರೆ ನಮ್ಮ ಅಜ್ಜಂದಿರಿಗೆ ತಿಳಿದಿತ್ತಲ್ಲ! ಪ್ಲೇಗು ಬಂದಾಗ ಅವರು ಊರನ್ನೇ ಬಿಟ್ಟು ಬಯಲಿನಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇದ್ದರು. 1898ರ ಪ್ಲೇಗಿನ ಬಳಿಕ ಬೆಂಗಳೂರಿನಲ್ಲಿ ಮಲ್ಲೇಶ್ವರ, ಬಸವನಗುಡಿಗಳು ಅಗಲವಾದ ಬೀದಿಗಳೊಡನೆ ಬೆಳೆದುದೂ ಅದೇ ತಿಳಿವಳಿಕೆಯಿಂದ. ಅದು ಇಲಿಯ, ಚಿಗಟದ ರೋಗ. ಇದು ಉಸಿರಿನ ರೋಗ. ಹೋಲಿಕೆಯನ್ನು ಬಹಳ ದೂರ ಎಳೆಯಲಾಗದು, ಒಪ್ಪುತ್ತೇನೆ. ಆದರೂ ಆ ಪ್ಲೇಗಿನ ಕಾಲದಲ್ಲಿ ಹುಟ್ಟಿದ 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನೇ 2020ರಲ್ಲಿಯೂ ಹಿಡಿದು ನಮ್ಮನ್ನು ಒಳಗೆ ಕೂರಿಸಿದರೆಂಬುದು ನೆನೆದಾಗ ನಗು ಬರುತ್ತದೆ.

ಮೇ 19ರಂದು ಕರ್ನಾಟಕದಲ್ಲಿ ಉದ್ಯಾನಗಳ ಬಾಗಿಲು ತೆರೆಯಿತು: ಬೆಳಗ್ಗೆ 7ರಿಂದ 9, ಸಂಜೆ 5ರಿಂದ 7. ಬೆಂಗಳೂರಿನ ಕಬ್ಬನ್ ಪಾರ್ಕು, ಲಾಲ್‌ಬಾಗುಗಳ ನಡಿಗೆಯವರು ಸಂಭ್ರಮಪಟ್ಟರು. ಏಳಕ್ಕೆ ಬಿಸಿಲೇರುತ್ತದೆ, ಐದಕ್ಕೇ ತೆರೆಯಬಾರದೆ ಎಂದು ಕೇಳುವವರೂ ಇದ್ದರು. ರಾತ್ರಿಯ ಕರ್ಫ್ಯೂ ಮುಗಿಯುವುದೇ ಏಳಕ್ಕೆ. ನಮ್ಮ ಕಟ್ಟಡದಲ್ಲಿ ನನ್ನ ನೋಟೀಸನ್ನು ಯಾರೋ ಕಿತ್ತುಹಾಕಿದರು. ದಾದಿಯು ಮಾತ್ರ ಬ್ಯಾಂಕಿನವರೊಡನೆ ಇಂದಿಗೂ ಮಾತನಾಡುವುದಿಲ್ಲ. ಇದರಲ್ಲಿ ತಪ್ಪು ಅವಳದೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ನಾವೆಲ್ಲ ನಡಿಗೆಯ ಹಕ್ಕಿನ ಮಾತನಾಡುತ್ತಿದ್ದಾಗ ಆ ಕಟ್ಟಡದಲ್ಲಿ ದಿನವೂ ನಿಜವಾಗಿ ರೋಗದ ಎದುರಿಗೆ ಹೋಗಿ ನಿಂತವಳು ಅವಳೊಬ್ಬಳೇ. ನಾನು ಬೇರೊಂದು ನೋಟೀಸು ಬರೆಯಬಹುದಾಗಿತ್ತು: ಒಂದು ಹೊತ್ತಿಗೆ ಒಬ್ಬರು, ಮನೆಗೆ ಇಪ್ಪತ್ತು ನಿಮಿಷ, ಗೇಟಿನ ಬಳಿ ನಿಲ್ಲತಕ್ಕದ್ದಲ್ಲ. ಎರಡು ಪಕ್ಷದವರೂ ಒಪ್ಪುತ್ತಿದ್ದರೇನೋ. ಅದಕ್ಕಾಗಿ ಇಬ್ಬರನ್ನೂ ಕೇಳಬೇಕಾಗಿತ್ತು, ಮಾವನವರನ್ನೂ ಕೇಳಬೇಕಾಗಿತ್ತು. ನಿಷೇಧ ಬರೆಯುವುದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ. ಅರ್ಧ ಗಂಟೆಯಲ್ಲಿ ಮುಗಿಯುತ್ತದೆ.

ಮಾವನವರನ್ನು ಅದೇ ವಾರ ಬಾಡಿಗೆಯ ಕಾರಿನಲ್ಲಿ ಊರಿಗೆ ಕಳುಹಿಸಿದೆ. ಚೀಲವನ್ನೂ ಒಯ್ದರು.

ಮರುವರ್ಷ ಎರಡನೆಯ ಅಲೆ ಎದ್ದಾಗ ನಾವೇ ನೆರಿಯಕ್ಕೆ ಹೋಗಿ ಸೇರಿಕೊಂಡೆವು. ಕಾಲೇಜಿನ ಪಾಠವೆಲ್ಲ ಮೊಬೈಲಿನಲ್ಲಿ. ಸಂಕೇತ ಸಿಕ್ಕುವ ಗುಡ್ಡದ ತುದಿಗೆ ದಿನವೂ ಹತ್ತುತ್ತಿದ್ದುದರಿಂದ ನನ್ನ ವ್ಯಾಯಾಮಕ್ಕೆ ಕೊರತೆಯಾಗಲಿಲ್ಲ. ಹಳ್ಳಿಯಲ್ಲಿ ಈ ತಂಟೆ ಇರದೆಂದುಕೊಂಡಿದ್ದೆ. ಇತ್ತು. ನಗರದಿಂದ ಮರಳಿದ್ದ ಇಬ್ಬರು ಹುಡುಗರು ಚಡ್ಡಿ ತೊಟ್ಟು ಡಾಮರು ರಸ್ತೆಯಲ್ಲಿ ಓಡತೊಡಗಿದಾಗ ಊರವರು ಗದರಿಸಿ ನಿಲ್ಲಿಸಿದರು. ಅದೇ ರಸ್ತೆಯಲ್ಲಿ ಅದೇ ಹೊತ್ತಿಗೆ ರಬ್ಬರು ಟ್ಯಾಪಿಂಗಿನವರು, ತೋಟದ ಕೆಲಸದವರು ಮೈಲಿಗಟ್ಟಲೆ ನಡೆದುಹೋಗುತ್ತಿದ್ದರು. ಅವರನ್ನು ಯಾರೂ ಕೇಳುತ್ತಿರಲಿಲ್ಲ. ಕೈಯಲ್ಲಿ ಕತ್ತಿ ಇತ್ತಲ್ಲ.

2021ರ ಜೂನ್ 14ರಿಂದ ರಾಜ್ಯದಲ್ಲಿ ಬಿಗಿ ಸಡಿಲವಾಯಿತು. ಉದ್ಯಾನಗಳಲ್ಲಿ ಬೆಳಗ್ಗೆ 5ರಿಂದ 10ರವರೆಗೆ ನಡೆಯಬಹುದು, ಓಡಬಹುದು, ಗುಂಪು ಕೂಡದು ಎಂದು ಈ ಬಾರಿಯ ಆಜ್ಞೆಯಲ್ಲಿ ಬಿಡಿಸಿ ಬರೆದಿದ್ದರು. ಆದರೆ ಸೋಂಕು ಇಳಿಯದ 11 ಜಿಲ್ಲೆಗಳಿಗೆ ಈ ಸಡಿಲಿಕೆ ಅನ್ವಯಿಸುತ್ತಿರಲಿಲ್ಲ. ಪೊರೆ ತೆಗೆಸಿಕೊಂಡ ಹೊಸ ಕಣ್ಣಿನಿಂದ ಮಾವನವರು ಪತ್ರಿಕೆಯಲ್ಲಿದ್ದ ಜಿಲ್ಲೆಗಳ ಹೆಸರನ್ನು ಒಂದೊಂದಾಗಿ ಗಟ್ಟಿಯಾಗಿ ಓದಿದರು. ದಕ್ಷಿಣ ಕನ್ನಡವೂ ಆ ಪಟ್ಟಿಯಲ್ಲಿತ್ತು. ಪತ್ರಿಕೆ ಮಡಚಿಟ್ಟು, ಚಪ್ಪಲಿ ಮೆಟ್ಟಿಕೊಂಡು, ಜಗಲಿಯ ಮೂಲೆಯಲ್ಲಿದ್ದ ಕೊಡೆ ತೆಗೆದುಕೊಂಡರು. ಹೊರಗೆ ಮಳೆ ಹನಿಯುತ್ತಿತ್ತು.

"ಹೊಳೆ ಬದಿಗೆ ಹೋಗಿ ಬರುವ, ನೀರು ಎಷ್ಟು ಬಂದಿದೆ ನೋಡುವ. ಬರುವುದಾದರೆ ಆ ಹುಲ್ಲು ಕೊಯ್ಯುವ ಕತ್ತಿ ಹಿಡಿದುಕೋ" ಎಂದರು.