ನಿತ್ಯಜೀವನದಲ್ಲಿ ಆತ್ಮಸಂಯಮ

ಆಸೆಯಿಲ್ಲದ ಮನುಷ್ಯನಿಲ್ಲ, ಆಸೆಯನ್ನು ಕೊಲ್ಲುವುದೇ ಸಂಯಮವೆಂದು ಭಾವಿಸುವುದೂ ಸರಿಯಲ್ಲ. ಈ ಕ್ಷಣಕ್ಕೆ ಪ್ರಿಯವಾದುದು ಒಂದು, ಮುಂದಕ್ಕೆ ಹಿತವಾದುದು ಇನ್ನೊಂದು. ಕಠೋಪನಿಷತ್ತು ಮೊದಲನೆಯದನ್ನು ಪ್ರೇಯಸ್ಸೆಂದೂ ಎರಡನೆಯದನ್ನು ಶ್ರೇಯಸ್ಸೆಂದೂ ಕರೆದಿದೆ. ಇವೆರಡೂ ಎದುರುಬದುರಾಗಿ ನಿಂತಾಗ ಶ್ರೇಯಸ್ಸನ್ನು ಆರಿಸಿಕೊಳ್ಳಬಲ್ಲ ಶಕ್ತಿಯೇ ಆತ್ಮಸಂಯಮ.

ಈ ಶಕ್ತಿ ಒಮ್ಮೆ ಗಳಿಸಿದರೆ ಎಂದೆಂದಿಗೂ ಉಳಿಯುವ ಸೊತ್ತಲ್ಲ. ಮಹಾಗಣಪತಿಯ ದೇವಾಲಯದಿಂದ ಪ್ರಸಿದ್ಧವಾದ ಟಿಟ್ವಾಳಾ ನಮಗೆಲ್ಲ ಪರಿಚಿತವಾದ ಕ್ಷೇತ್ರ. ಕಣ್ವಮಹರ್ಷಿಗಳ ಆಶ್ರಮವು ಇಲ್ಲಿತ್ತೆಂದೂ, ದುಷ್ಯಂತನನ್ನು ಮರಳಿ ಪಡೆಯಲೆಂದು ಶಕುಂತಲೆಯು ಇಲ್ಲಿ ಗಣಪತಿಯನ್ನು ಪ್ರತಿಷ್ಠಾಪಿಸಿದಳೆಂದೂ ಸ್ಥಳದ ಐತಿಹ್ಯ. ಕಾಳಿದಾಸನ ನಾಟಕದಲ್ಲಿ ಅವಳ ಅಗಲಿಕೆಗೆ ಕಾರಣವಾದುದು ದುರ್ವಾಸರ ಕ್ಷಣಕಾಲದ ಕೋಪ. ತಪಸ್ವಿಯಾದರೂ ಆತಿಥ್ಯ ತಪ್ಪಿತೆಂಬ ಒಂದೇ ಕಾರಣಕ್ಕೆ ಅವರು ಶಾಪವಿತ್ತರು. ಅಂಥವರ ಗತಿಯೇ ಹೀಗಾದರೆ, ಸಮಯ ಬಂದಾಗ ನೋಡಿಕೊಳ್ಳೋಣವೆಂದು ಸುಮ್ಮನಿರುವ ನಮ್ಮ ಪಾಡೇನು?

ಆದುದರಿಂದ ಸಂಯಮದ ಗುಟ್ಟಿರುವುದು ಪ್ರಲೋಭನೆಯ ಕ್ಷಣದಲ್ಲಲ್ಲ, ಅದಕ್ಕೆ ಮುಂಚಿನ ಸಿದ್ಧತೆಯಲ್ಲಿ. ಟಿಟ್ವಾಳಾದ ರೈಲು ನಿಲ್ದಾಣವನ್ನೇ ನೋಡೋಣ. ಮುಂಬಯಿಗೆ ಸುಮಾರು 64 ಕಿಲೋಮೀಟರ್ ದೂರದಲ್ಲಿ, ಕಲ್ಯಾಣದಿಂದ ಕಸಾರಾಕ್ಕೆ ಹೋಗುವ ಮಾರ್ಗದಲ್ಲಿ ಇದು ಇದೆ. ಕಲ್ಯಾಣದಾಚೆ ಲೋಕಲ್ ಗಾಡಿಗಳು ಕಡಿಮೆ. ಒಂದು ತಪ್ಪಿದರೆ ಇನ್ನೊಂದಕ್ಕೆ ಬಹಳ ಹೊತ್ತು ಕಾಯಬೇಕು. ಗಾಡಿ ಎದುರಿನ ಪ್ಲಾಟ್‌ಫಾರಂಗೆ ಬಂದು ನಿಂತಾಗ ಮೇಲ್ಸೇತುವೆಯನ್ನು ಏರುವುದಕ್ಕಿಂತ ಹಳಿ ದಾಟುವುದೇ ಸುಲಭವೆನ್ನಿಸುತ್ತದೆ. ಅದು 1989ರ ರೈಲ್ವೆ ಕಾಯಿದೆಯಂತೆ ಅಪರಾಧ. ಅದಕ್ಕೂ ಮಿಗಿಲಾಗಿ ಪ್ರಾಣಾಪಾಯ. ಇದನ್ನು ಅರಿಯದವರಿಲ್ಲ, ಅರಿತಿದ್ದರೂ ಅವಸರದಲ್ಲಿ ಕಾಲು ಹಳಿಯ ಕಡೆಗೇ ಎಳೆಯುತ್ತದೆ. ಮನೆಯಿಂದ ಹತ್ತು ನಿಮಿಷ ಮೊದಲೇ ಹೊರಟವನಿಗಾದರೋ ಆ ಹೋರಾಟವೇ ಇಲ್ಲ. ಅವನು ನಿಲ್ದಾಣದಲ್ಲಿ ಗೆದ್ದವನಲ್ಲ, ಮನೆಯ ಹೊಸ್ತಿಲಲ್ಲಿಯೇ ಗೆದ್ದವನು.

ನಮ್ಮ ಹಿರಿಯರ ವ್ರತಗಳಲ್ಲಿಯೂ ಈ ತತ್ತ್ವವೇ ಅಡಗಿದೆ. ಸಂಕಷ್ಟಿಯ ಉಪವಾಸ ಚಂದ್ರೋದಯದವರೆಗೆ. ಉಣ್ಣಬೇಕೋ ಬೇಡವೋ ಎಂದು ಗಳಿಗೆಗೊಮ್ಮೆ ಮನಸ್ಸಿನೊಡನೆ ವಾದಿಸುವ ಪ್ರಮೇಯವಿಲ್ಲ. ನಿರ್ಧಾರ ಬೆಳಿಗ್ಗೆಯೇ ಆಗಿದೆ, ಕೊನೆಯೂ ನಿಶ್ಚಿತವಾಗಿದೆ. ಮಂಗಳವಾರ ಬರುವ ಅಂಗಾರಕ ಸಂಕಷ್ಟಿಯಂದು ಟಿಟ್ವಾಳಾದಲ್ಲಿ ಉಪವಾಸವಿದ್ದೇ ದರ್ಶನದ ಸಾಲಿನಲ್ಲಿ ನಿಲ್ಲುವ ಜನರನ್ನು ಕಂಡರೆ ಪೂರ್ವನಿಶ್ಚಯದ ಬಲ ತಿಳಿಯುತ್ತದೆ.

ಆಧುನಿಕ ಮನಶ್ಶಾಸ್ತ್ರದ ಮಾತೂ ಇದಕ್ಕೆ ಹೊಂದುತ್ತದೆ. ಅಮೆರಿಕದ ವಾಲ್ಟರ್ ಮಿಶೆಲ್ ಮತ್ತು ಅವರ ಸಹೋದ್ಯೋಗಿ 1970ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಕಾದರೆ ಹೆಚ್ಚು ಇಷ್ಟವಾದ ತಿಂಡಿ ದೊರೆಯುವುದೆಂದು ಚಿಕ್ಕ ಮಕ್ಕಳಿಗೆ ಹೇಳಲಾಯಿತು. ತಿಂಡಿ ಕಣ್ಣೆದುರಿಗೆ ಇದ್ದಾಗ ಮಕ್ಕಳು ಬೇಗ ಸೋತರು. ಮರೆಯಲ್ಲಿದ್ದಾಗ ಹೆಚ್ಚು ಹೊತ್ತು ಕಾದರು. ಆದರೆ ಕಾಯಲಾರದ ಮಗು ಮುಂದೆ ನಿಷ್ಪ್ರಯೋಜಕವಾಗುವುದೆಂದು ತಿಳಿಯಬಾರದು. ಮನೆಯ ಪರಿಸ್ಥಿತಿಯನ್ನು ಗಣನೆಗೆ ತೆಗೆದುಕೊಂಡಾಗ ಅಂಥ ಸಂಬಂಧ ಬಹಳ ಕ್ಷೀಣವೆಂದು 2018ರ ಅಧ್ಯಯನವೊಂದು ತೋರಿಸಿತು. ಸಂಯಮ ಹುಟ್ಟುಗುಣವಲ್ಲ, ಕಲಿಯಬಹುದಾದ ವಿದ್ಯೆ.

ಹಾಗಾದರೆ ವಿದ್ಯಾರ್ಥಿಗಳಾದ ನಾವು ಮಾಡಬೇಕಾದುದೇನು? ಓದಲು ಕುಳಿತಾಗ ಮೊಬೈಲನ್ನು ಬೇರೆ ಕೋಣೆಯಲ್ಲಿಡಬೇಕು. ಕೋಪ ಬಂದರೆ ಒಂದು ಲೋಟ ನೀರು ಕುಡಿದ ಮೇಲೆಯೇ ಉತ್ತರಿಸುವೆನೆಂದು ಮೊದಲೇ ನಿಶ್ಚಯಿಸಿಕೊಳ್ಳಬೇಕು. ಒಮ್ಮೆಗೆ ಒಂದೇ ನಿಯಮ ಸಾಕು. ಲಂಡನ್ನಿನಲ್ಲಿ 96 ಜನರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಂತೆ ಹೊಸ ಅಭ್ಯಾಸವೊಂದು ನೆಲೆಗೊಳ್ಳಲು ಸುಮಾರು 66 ದಿನ ಬೇಕಾಯಿತು. ಕೆಲವರಿಗೆ ಬಹಳ ಕಡಿಮೆ, ಕೆಲವರಿಗೆ ಬಹಳ ಹೆಚ್ಚು. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಕೆಡಲಿಲ್ಲ. ಆದುದರಿಂದ ತಪ್ಪಿದ ದಿನಕ್ಕಾಗಿ ಕೊರಗದೆ ಮರುದಿನ ಮತ್ತೆ ತೊಡಗುವುದೇ ನಮ್ಮ ಕರ್ತವ್ಯ. ಹೀಗೆ ದಿನದಿನವೂ ಕೂಡಿಟ್ಟ ಸಣ್ಣ ಸಂಯಮವೇ ಕಷ್ಟಕಾಲದಲ್ಲಿ ನಮ್ಮನ್ನು ಕಾಯುವ ನಿಜವಾದ ಧನ.