ಸಚಿವಾಲಯ ಬದಲಾದರೆ ಪಟ್ಟದಕಲ್ಲಿಗೇನು?

ಪಟ್ಟದಕಲ್ಲು ಅಂದ ಕೂಡಲೇ ನಮಗೆ ನೆನಪಾಗೋದು ವಿರೂಪಾಕ್ಷ ದೇವಾಲಯ, ಚಾಲುಕ್ಯರು, ಬಾದಾಮಿ-ಐಹೊಳೆ ಸೇರಿಸಿ ಒಂದು ದಿನದ ಟೂರ್. ಆದರೆ ಈ ಊರು ಇನ್ನೊಂದು ವಿಷಯವನ್ನೂ ಕಲಿಸುತ್ತೆ: ಕೇಂದ್ರ ಸರ್ಕಾರದ ಸಚಿವಾಲಯಗಳನ್ನು ಕೂಡಿಸೋದು, ಒಡೆಯೋದು ಅಂದರೆ ನಿಜವಾಗಿ ಏನು ಅಂತ.

2019ರ ಆಗಸ್ಟ್‌ನಲ್ಲಿ ಮಲಪ್ರಭಾ ಉಕ್ಕಿ ಊರಿಗೂ ದೇವಾಲಯಗಳ ಆವರಣಕ್ಕೂ ನೀರು ನುಗ್ಗಿತು. ಆ ಒಂದೇ ನೆರೆಗೆ ಎಷ್ಟು ಕಚೇರಿ ಸಂಬಂಧಪಡುತ್ತವೆ ನೋಡಿ. ಮಳೆ ಮುನ್ಸೂಚನೆ ಕೊಡುವ ಹವಾಮಾನ ಇಲಾಖೆ ಭೂವಿಜ್ಞಾನ ಸಚಿವಾಲಯದ ಕೆಳಗಿದೆ. ಕೇಂದ್ರ ಜಲ ಆಯೋಗ ಜಲಶಕ್ತಿ ಸಚಿವಾಲಯದ್ದು. ಸವದತ್ತಿ ಹತ್ತಿರದ ನವಿಲುತೀರ್ಥ ಅಣೆಕಟ್ಟು ರಾಜ್ಯದ ಕೈಯಲ್ಲಿದೆ. ದೇವಾಲಯಗಳನ್ನು ನೋಡಿಕೊಳ್ಳೋದು ಸಂಸ್ಕೃತಿ ಸಚಿವಾಲಯದ ಪುರಾತತ್ವ ಸರ್ವೇಕ್ಷಣಾ ಇಲಾಖೆ. ಪ್ರವಾಸೋದ್ಯಮಕ್ಕೆ ಬೇರೆಯದೇ ಸಚಿವಾಲಯ. ಮನೆ ಬಿದ್ದವರಿಗೆ ಪರಿಹಾರ ಕೊಡೋದು ರಾಜ್ಯದ ಕಂದಾಯ ಇಲಾಖೆ, ಅದಕ್ಕೆ ಕೇಂದ್ರದ ಮಾನದಂಡ ಬರೋದು ಗೃಹ ಸಚಿವಾಲಯದಿಂದ.

ಇಷ್ಟಕ್ಕೇ ಮುಗಿಯಲ್ಲ. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. 2010ರ ತಿದ್ದುಪಡಿಯ ನಂತರ ಇಲ್ಲಿ ಮನೆ ರಿಪೇರಿಗೂ ಅನುಮತಿ ಬೇಕು, ಅದು ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಮುಂದೆ ಹೋಗುತ್ತೆ. ಅಂದರೆ ಗೋಡೆ ಬಿದ್ದ ಮನೆಯವರಿಗೆ ಹಣ ಕೊಡುವ ಬಾಗಿಲು ಒಂದು, ಕಟ್ಟಲು ಒಪ್ಪಿಗೆ ಕೊಡುವ ಬಾಗಿಲು ಇನ್ನೊಂದು.

"ಎಲ್ಲಾ ಒಂದೇ ಸಚಿವಾಲಯ ಮಾಡಿಬಿಡಿ" ಅಂತ ಯಾರಿಗಾದರೂ ಅನಿಸುತ್ತೆ. ಕಾಗದದ ಮೇಲೆ ಇದು ಸುಲಭವೇ. ಸಂವಿಧಾನದ 77ನೇ ವಿಧಿಯಡಿ 1961ರಲ್ಲಿ ಮಾಡಿದ ಕಾರ್ಯಹಂಚಿಕೆ ನಿಯಮಗಳಿವೆ. ಯಾವ ವಿಷಯ ಯಾರಿಗೆ ಅನ್ನೋ ಪಟ್ಟಿ ಅದರಲ್ಲಿದೆ. ಪ್ರಧಾನಿಯ ಸಲಹೆಯಂತೆ ರಾಷ್ಟ್ರಪತಿ ಆ ಪಟ್ಟಿ ತಿದ್ದಿದರೆ ಸಾಕು, ಸಂಸತ್ತಿನಲ್ಲಿ ಹೊಸ ಕಾನೂನು ಬೇಕಿಲ್ಲ. 2019ರ ಮೇನಲ್ಲಿ ಜಲಸಂಪನ್ಮೂಲ ಸಚಿವಾಲಯ ಮತ್ತು ಕುಡಿಯುವ ನೀರಿನ ಸಚಿವಾಲಯ ಸೇರಿ ಜಲಶಕ್ತಿ ಆಗಿದ್ದು, 2021ರಲ್ಲಿ ಸಹಕಾರ ಸಚಿವಾಲಯ ಹುಟ್ಟಿದ್ದು ಹೀಗೆಯೇ.

ಸಂಸ್ಕೃತಿಯ ಕಥೆಯೂ ಇದೇ. 1985ರಲ್ಲಿ ಅದು ಮಾನವ ಸಂಪನ್ಮೂಲ ಸಚಿವಾಲಯದೊಳಗೆ ಸೇರಿತ್ತು. 2000ರ ದಶಕದ ಆರಂಭದಲ್ಲಿ ಪ್ರವಾಸೋದ್ಯಮದ ಜೊತೆಗಿತ್ತು. ಈಗ ಪ್ರತ್ಯೇಕವಾಗಿದೆ. ಆದರೆ ಎಲ್ಲಿ ಗೆರೆ ಎಳೆದರೂ ಎರಡು ಸಚಿವಾಲಯಗಳ ನಡುವೆ ಒಂದು ಸಂದು ಉಳಿದೇ ಉಳಿಯುತ್ತೆ. ಜಲಶಕ್ತಿಯಲ್ಲಿ ನದಿಯೂ ನಲ್ಲಿಯೂ ಒಂದಾದವು, ಮಳೆಯ ಮುನ್ಸೂಚನೆ ಹೊರಗೇ ಉಳಿಯಿತು. ಅದನ್ನೂ ಒಳಗೆ ತಂದರೆ ರೈತರ ಹವಾಮಾನ, ಮೀನುಗಾರರ ಚಂಡಮಾರುತ ಬೇರೆ ಕಡೆ ಸಂದು ಬಿಡುತ್ತವೆ.

ಹಾಗಾಗಿ ತಯಾರಿ ಶುರುವಾಗಬೇಕಾದದ್ದು ಚಾರ್ಟ್‌ನಿಂದಲ್ಲ, ಕೆಲಸದ ಪಟ್ಟಿಯಿಂದ. ನಾವು ಹಳೇ ಕೋಡ್ ಬದಲಿಸುವ ಮೊದಲು ಯಾವ ಫಂಕ್ಷನ್ ಯಾವುದನ್ನು ಕರೆಯುತ್ತೆ ಅಂತ ನೋಡ್ತೀವಲ್ಲ, ಹಾಗೆ. ಯಾವ ಕಾಯ್ದೆಯ ಅಧಿಕಾರ ಯಾರಿಗಿದೆ? ಬಜೆಟ್ ಯಾವ ಬೇಡಿಕೆಯಡಿ ಬರುತ್ತೆ, ಏಪ್ರಿಲ್ 1ರೊಳಗೆ ಬದಲಾಗುತ್ತಾ? ಸಿಬ್ಬಂದಿ, ಕಡತ, ಡೇಟಾ ಎಲ್ಲಿಗೆ ಹೋಗುತ್ತವೆ? ಬದಲಾವಣೆಯ ಮಧ್ಯೆ ನೆರೆ ಬಂದರೆ ಫೋನ್ ಎತ್ತುವವರು ಯಾರು?

ಈ ಪ್ರಶ್ನೆಗಳ ಜೊತೆ ಕನ್ನಡಿಗರ ನಂಟೂ ಇದೆ. 1966ರ ಮೊದಲ ಆಡಳಿತ ಸುಧಾರಣಾ ಆಯೋಗಕ್ಕೆ ಮೊರಾರ್ಜಿ ದೇಸಾಯಿ ನಂತರ ಅಧ್ಯಕ್ಷರಾದವರು ಕೆಂಗಲ್ ಹನುಮಂತಯ್ಯ. 2005ರ ಎರಡನೇ ಆಯೋಗ ರಚನೆಯಾಗಿದ್ದು ವೀರಪ್ಪ ಮೊಯ್ಲಿ ಅಧ್ಯಕ್ಷತೆಯಲ್ಲಿ. ಇಬ್ಬರೂ ನಮ್ಮ ರಾಜ್ಯದ ಮುಖ್ಯಮಂತ್ರಿಗಳಾಗಿದ್ದವರು. ಎರಡನೇ ಆಯೋಗದ 13ನೇ ವರದಿಯ ವಿಷಯವೇ ಭಾರತ ಸರ್ಕಾರದ ಸಂಘಟನೆಯ ರಚನೆ.

ಮುಂದಿನ ಸಲ "ಎರಡು ಸಚಿವಾಲಯ ವಿಲೀನ" ಅಂತ ಸುದ್ದಿ ಬಂದಾಗ ನಾವು ಒಂದು ಟೆಸ್ಟ್ ಮಾಡಬಹುದು. ಮಲಪ್ರಭೆ ದಂಡೆಯ ಒಂದು ಮನೆ ತಗೊಳ್ಳಿ. ಎಚ್ಚರಿಕೆ, ಪರಿಹಾರ, ಅನುಮತಿ, ಈ ಮೂರಕ್ಕೆ ಮೊದಲು ಎಷ್ಟು ಬಾಗಿಲು ತಟ್ಟಬೇಕಿತ್ತು, ಈಗ ಎಷ್ಟು ಅಂತ ಎಣಿಸಿ. ಸಂಖ್ಯೆ ಕಡಿಮೆಯಾಗದಿದ್ದರೆ, ಬದಲಾಗಿದ್ದು ಬೋರ್ಡ್ ಮಾತ್ರ.